ಮ್ಯಾಲೆ ಕರ್ರಗ, ಒಳಗ ಹಸಿ: ಓವನ್ನಿನ ಕಾವು ಒಂದೇ ಸಮ ನಿಲ್ಲದಿದ್ದರೆ ಏನು ನೋಡಬೇಕು

"ಕೇಕ್ ಮ್ಯಾಲೆ ಕರ್ರಗ ಆಗ್ತೈತ್ರಿ, ಒಳಗ ಹಸೀನ ಉಳಿತೈತಿ. ಥರ್ಮೋಸ್ಟಾಟ್ ಹೋಗೇತೇನ್ರಿ?"

ಹುಬ್ಬಳ್ಳಿ–ಧಾರವಾಡದಲ್ಲಿ ಮನೆಯಲ್ಲೇ ಕೇಕು, ನಾನ್‌ಖಟಾಯಿ, ಬನ್ನು ಮಾಡಿ ಮಾರುವವರು ಹೆಚ್ಚಾದ ಮೇಲೆ ಈ ಪ್ರಶ್ನೆ ನನಗೆ ಬರದ ವಾರವಿಲ್ಲ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ, ಗಮನಿಸಿ. ಥರ್ಮೋಸ್ಟಾಟ್, ಅಂದರೆ ಓವನ್ನಿನ ಕಾವನ್ನು ಹಿಡಿತದಲ್ಲಿಡುವ ಭಾಗ, ಹೋಗಿದೆ ಎಂದು ಅವರು ಆಗಲೇ ತೀರ್ಮಾನಿಸಿರುತ್ತಾರೆ. ಅದು ಹೋಗುವುದೂ ಉಂಟು. ಆದರೆ ಅದನ್ನು ಬದಲಿಸಿದ ಮೇಲೂ ಕೇಕು ಹಾಗೇ ಬರುತ್ತಿದೆ ಎಂದು ಮತ್ತೆ ಫೋನ್ ಮಾಡುವವರೂ ಕಡಿಮೆ ಇಲ್ಲ. ದೋಷ ಪ್ಲಗ್ಗಿನಲ್ಲೋ ಬಾಗಿಲಲ್ಲೋ ತಟ್ಟೆ ಇಟ್ಟ ಜಾಗದಲ್ಲೋ ಇದ್ದರೆ ಥರ್ಮೋಸ್ಟಾಟ್ ಏನು ಮಾಡೀತು? ಅದಕ್ಕೇ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲಿಗೆ ಇಟ್ಟಿದ್ದೇನೆ, ಸ್ಕ್ರೂ ಬಿಚ್ಚುವುದನ್ನು ಕೊನೆಗೆ.

ಇಲ್ಲಿ ಹೇಳುವುದೆಲ್ಲ ಓಟಿಜಿಗೆ, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದೇ ಡಬ್ಬಿಯಲ್ಲಿರುವ, ಒಳಗೆ ಕೆಂಪಗೆ ಕಾಯುವ ರಾಡುಗಳಿರುವ ಯಂತ್ರಕ್ಕೆ. ಅಡುಗೆಮನೆಯ ಕಪಾಟಿನೊಳಗೆ ಕೂರಿಸಿದ ದೊಡ್ಡ ವಿದ್ಯುತ್ ಓವನ್ನಿಗೂ ಬಹುಪಾಲು ಹೊಂದುತ್ತದೆ. ಮೈಕ್ರೋವೇವ್‌ಗೆ ಹೊಂದುವುದಿಲ್ಲ. ನಮ್ಮ ಕಡೆ ಎರಡಕ್ಕೂ "ಓವನ್" ಎಂದೇ ಹೇಳುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕು. ಕನ್ವೆಕ್ಷನ್, ಅಂದರೆ ಫ್ಯಾನಿನಿಂದ ಬಿಸಿಗಾಳಿ ಆಡಿಸುವ ಸೌಲಭ್ಯ, ಇರಲಿ ಇಲ್ಲದಿರಲಿ, ಮೈಕ್ರೋವೇವ್‌ನ ಹಿಂಬದಿಯನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು, ಜೀವ ತೆಗೆಯುವಷ್ಟು.

ಕಾವು ಏರಿಳಿಯುವುದು ತಪ್ಪಲ್ಲ

ರೊಟ್ಟಿ ಮಾಡುವಾಗ ತವಾ ಹೆಚ್ಚು ಕಾಯ್ದರೆ ಉರಿ ಸಣ್ಣ ಮಾಡುತ್ತೀರಿ, ಆರಿದರೆ ದೊಡ್ಡದು ಮಾಡುತ್ತೀರಿ. ಓಟಿಜಿಯ ಥರ್ಮೋಸ್ಟಾಟ್‌ಗೆ ಈ ಜಾಣತನ ಇಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ರಾಡನ್ನು ಪೂರ್ತಿ ಹಚ್ಚುವುದು, ಪೂರ್ತಿ ಆರಿಸುವುದು. ಸಣ್ಣ ಓಟಿಜಿಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಅಂಟಿಸಿದ ಪಟ್ಟಿಯೊಂದು ಇರುತ್ತದೆ, ಅದಕ್ಕೆ ಬೈಮೆಟಲ್ ಎಂದು ಹೆಸರು. ಕಾಯ್ದಾಗ ಅದು ಬಾಗಿ ಸ್ವಿಚ್ಚನ್ನು ಬಿಡಿಸುತ್ತದೆ, ಆರಿದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ದೊಡ್ಡ ಓವನ್ನುಗಳಲ್ಲಿ ಸಣ್ಣ ಕೊಳವೆಯ ತುದಿಗೆ ಪೆನ್ಸಿಲಿನಷ್ಟು ದಪ್ಪದ ಬಲ್ಬು ಇದ್ದು, ಅದರೊಳಗಿನ ದ್ರವ ಹಿಗ್ಗಿ ಸ್ವಿಚ್ಚನ್ನು ತಳ್ಳುತ್ತದೆ. ಇದು ಕ್ಯಾಪಿಲರಿ ಥರ್ಮೋಸ್ಟಾಟ್.

ಹೀಗಾಗಿ 180 ಡಿಗ್ರಿಗೆ ಇಟ್ಟರೆ ಓವನ್ 180ರಲ್ಲಿ ನಿಂತಿರುವುದಿಲ್ಲ. ಅದರ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ಆಚೆಗೆ 15, ಈಚೆಗೆ 15 ಡಿಗ್ರಿ ಆದರೆ ಚಿಂತೆ ಬೇಡ. ಸಣ್ಣ ಡಬ್ಬಿಗಳಲ್ಲಿ 20 ಆದರೂ ನಾನು ಸುಮ್ಮನಿರುತ್ತೇನೆ. ರಾಡು ಉರಿಯುತ್ತಿದೆ ಎಂದು ತೋರಿಸುವ ಮುಂಭಾಗದ ಸಣ್ಣ ಲೈಟ್ ಆರಿ ಹತ್ತುವುದನ್ನು ನೋಡಿ "ಕೆಟ್ಟಿದೆ" ಎನ್ನುವವರಿದ್ದಾರೆ. ಆ ಲೈಟ್ ಹಾಗೆ ಆಡುತ್ತಿದ್ದರೆ ಥರ್ಮೋಸ್ಟಾಟ್ ಬದುಕಿದೆ ಎಂದೇ ಅರ್ಥ.

ಏನೇನು ಬೇಕು

ಓವನ್ ಒಳಗೆ ಇಡುವ ಥರ್ಮಾಮೀಟರ್ ಒಂದು. ಗಡಿಯಾರದಂಥ ಮುಳ್ಳಿನದು ಸಾಕು. ಅದಕ್ಕಿಂತ ಒಳ್ಳೆಯದು ಕೆ-ಟೈಪ್ ಥರ್ಮೋಕಪಲ್, ಅಂದರೆ ತುದಿಯಲ್ಲಿ ಸಾಸಿವೆಯಷ್ಟು ಗುಂಡು ಇರುವ ತೆಳು ತಂತಿ. ಉಷ್ಣತೆ ಅಳೆಯುವ ಮಲ್ಟಿಮೀಟರ್ ಕೊಂಡರೆ ಇದು ಜೊತೆಗೇ ಬರುತ್ತದೆ. ಮಲ್ಟಿಮೀಟರ್ ಎಂದರೆ ವೋಲ್ಟ್, ಓಮ್ ಅಳೆಯುವ ಕೈ ಮೀಟರು, ಯಾವ ವೈರ್‌ಮನ್ ಹತ್ತಿರವಾದರೂ ಇರುತ್ತದೆ. ಹಣೆಗೆ ಹಿಡಿದು ಜ್ವರ ನೋಡುವಂಥ ಇನ್‌ಫ್ರಾರೆಡ್ ಗನ್ ಈ ಕೆಲಸಕ್ಕೆ ಬೇಡ. ಅದು ಗಾಳಿಯ ಕಾವನ್ನು ಅಳೆಯುವುದಿಲ್ಲ, ಗಾಜಿನಾಚೆಯಿಂದ ಹಿಡಿದರೆ ಗಾಜಿನದೇ ಕಾವು ಹೇಳುತ್ತದೆ, ಹೊಳೆಯುವ ತಗಡಿನ ಮೇಲೆ ಸುಳ್ಳೇ ಹೇಳುತ್ತದೆ.

ಮತ್ತೆ ಒಂದು ಹಾಳೆ, ಪೆನ್ನು, ಮೊಬೈಲಿನ ಟಾರ್ಚು, ಸ್ಕ್ರೂಡ್ರೈವರು. ಒಂದು ಗಂಟೆ ಪುರುಸೊತ್ತೂ ಬೇಕು. ನಾಳೆಯೇ ಕೊಡಬೇಕಾದ ಆರ್ಡರ್ ಇಟ್ಟುಕೊಂಡು ಇದಕ್ಕೆ ಕೂರಬೇಡಿ.

ಹಂತ 1: ಖಾಲಿ ಓವನ್ ಅಳೆಯಿರಿ

ಮೊದಲು ಅಳೆಯುವ ಸಾಧನವೇ ಸರಿ ಇದೆಯೇ ನೋಡಿ. ಥರ್ಮೋಕಪಲ್ ತುದಿಯನ್ನು ಕುದಿಯುವ ನೀರಿಗೆ ಹಿಡಿಯಿರಿ. 100 ತೋರಿಸಲಿಲ್ಲ ಎಂದು ಗಾಬರಿಯಾಗಬೇಡಿ. ಹುಬ್ಬಳ್ಳಿ, ಧಾರವಾಡ, ಗದಗ ಎಲ್ಲವೂ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿವೆ, ಇಲ್ಲಿ ನೀರು ಕುದಿಯುವುದೇ ಸುಮಾರು 98 ಡಿಗ್ರಿಗೆ. ಒಂದೆರಡು ಡಿಗ್ರಿ ಆಚೀಚೆ ಇದ್ದರೂ ನಡೆಯುತ್ತದೆ. ಮುಳ್ಳಿನ ಓವನ್ ಥರ್ಮಾಮೀಟರನ್ನು ಮಾತ್ರ ನೀರಿಗೆ ಹಾಕಬೇಡಿ, ಒಳಗೆ ನೀರು ಸೇರಿ ಕೆಡುತ್ತದೆ.

ಓವನ್ ಖಾಲಿ ಮಾಡಿ, ನಡುವಿನ ಜಾಲರಿಯೊಂದನ್ನೇ ಬಿಡಿ. ತಂತಿಯ ತುದಿ ಜಾಲರಿಗಾಗಲಿ ಗೋಡೆಗಾಗಲಿ ತಾಗದೆ ನಟ್ಟನಡುವಿನ ಗಾಳಿಯಲ್ಲಿ ನಿಲ್ಲಬೇಕು. ಕೆಳಗಿನ ಮೇಲಿನ ಎರಡೂ ರಾಡುಗಳ ಗುರುತಿಗೆ ಸೆಲೆಕ್ಟರ್ ತಿರುಗಿಸಿ, 180ಕ್ಕೆ ಇಡಿ. ಟೈಮರನ್ನು "ಸ್ಟೇ ಆನ್"ಗೆ ಇಡಿ, ಅದು ಇಲ್ಲದಿದ್ದರೆ ಪೂರ್ತಿ 60 ನಿಮಿಷಕ್ಕೆ. ಟೈಮರ್ ನಡುವೆಯೇ ಮುಗಿದು ರಾಡು ಆರಿ, ಅದನ್ನೇ ದೋಷ ಎಂದು ಬರೆದುಕೊಂಡವರಿದ್ದಾರೆ.

20 ನಿಮಿಷ ಬರೆಯಬೇಡಿ, ಸುಮ್ಮನೆ ಬಿಡಿ. ಆಮೇಲೆ ಶುರು ಮಾಡಿ. ಲೈಟ್ ಆರಿದ ಕೂಡಲೇ ಕಾವು ಇಳಿಯುವುದಿಲ್ಲ, ರಾಡಿನಲ್ಲಿ ಉಳಿದ ಬಿಸಿಯಿಂದ ಇನ್ನೂ ಸ್ವಲ್ಪ ಏರುತ್ತದೆ. ಅದು ಏರಿ ನಿಂತ ಅಂಕಿ ಬರೆದುಕೊಳ್ಳಿ. ಹಾಗೆಯೇ ಲೈಟ್ ಹತ್ತಿದ ಮೇಲೂ ಸ್ವಲ್ಪ ಇಳಿದು ನಿಲ್ಲುತ್ತದೆ. ಅದನ್ನೂ ಬರೆದುಕೊಳ್ಳಿ. ಹೀಗೆ 5 ಸುತ್ತು. ಕೂತು ನೋಡುವ ತಾಳ್ಮೆ ಇಲ್ಲದವರು ಮೀಟರಿನ ಮುಂದೆ ಮೊಬೈಲ್ ಇಟ್ಟು ವಿಡಿಯೋ ಮಾಡಿ, ಆಮೇಲೆ ಓಡಿಸಿ ನೋಡಿದರಾಯಿತು.

ಎಲ್ಲಕ್ಕಿಂತ ಮೇಲಿನ ಅಂಕಿ 196, ಕೆಳಗಿನದು 164 ಬಂತು ಎನ್ನಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 180. ಇದು ನಡುವಿನ ಕಾವು. ಎರಡರ ಅಂತರ 32. ಇದು ಓಲಾಟ. ಈ ಎರಡು ಅಂಕಿಗಳೇ ಮುಂದಿನ ದಾರಿ ತೋರಿಸುತ್ತವೆ. ಇವಿಲ್ಲದೆ ಮೆಕ್ಯಾನಿಕ್ ಹತ್ತಿರ ಹೋದರೆ ಅವರೂ ಊಹೆ ಮಾಡುತ್ತಾರೆ, ನೀವು ಆ ಊಹೆಗೆ ದುಡ್ಡು ಕೊಡುತ್ತೀರಿ.

ಥರ್ಮಾಮೀಟರ್ ಏನೂ ಇಲ್ಲ ಎನ್ನುವವರಿಗೆ ಒಂದು ಒರಟು ಉಪಾಯ: ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲಿನ ಸಣ್ಣ ದೊನ್ನೆಯಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾಯಿಸಿದ ಓವನ್ನಿನಲ್ಲಿ 175ಕ್ಕೆ ಕಾಲು ಗಂಟೆ ಇಡಿ. ಕರಗಿದರೆ ಓವನ್ ಹೇಳಿದ್ದಕ್ಕಿಂತ ಬಿಸಿ. 195ಕ್ಕೆ ಇಟ್ಟರೂ ಕಾಳು ಕಾಳಾಗಿಯೇ ಉಳಿದರೆ ತಣ್ಣಗಿದೆ. ಇದರಿಂದ ಓಲಾಟ ತಿಳಿಯುವುದಿಲ್ಲ, ನಡುವಿನ ಕಾವಿನ ಅಂದಾಜಷ್ಟೇ.

ಹಂತ 2: ಅಂಕಿ ನೋಡಿ ರೋಗ ಗುರುತಿಸಿ

ಓಲಾಟ 40ರ ಒಳಗಿದ್ದು ನಡುವಿನ ಕಾವು ಮಾತ್ರ 180ರ ಬದಲು 160 ಅಥವಾ 205 ಇದ್ದರೆ ಯಂತ್ರ ಸರಿ ಇದೆ, ನಾಬಿನ ಮೇಲಿನ ಗೆರೆ ತಪ್ಪಿದೆ. ನೇರ 8ನೇ ಹಂತಕ್ಕೆ ಹೋಗಿ.

ಎಷ್ಟು ಹೊತ್ತಾದರೂ 180 ಮುಟ್ಟದೆ, ಲೈಟ್ ಆರದೆ ಉರಿಯುತ್ತಲೇ ಇದ್ದರೆ ಕಾವು ಸಾಲುತ್ತಿಲ್ಲ. ವೋಲ್ಟೇಜು, ರಾಡು ಅಥವಾ ಬಾಗಿಲು. 4, 5, 6 ನೋಡಿ.

ಓಲಾಟ 50, 60 ಡಿಗ್ರಿ ಇದ್ದರೆ ಅಥವಾ ಒಂದು ಸುತ್ತಿಗೂ ಇನ್ನೊಂದಕ್ಕೂ ತಾಳಮೇಳವೇ ಇಲ್ಲದಿದ್ದರೆ ಒಳಗಿನ ಜೋಡಣೆ ಅಥವಾ ಥರ್ಮೋಸ್ಟಾಟ್ ಮೇಲೆ ಅನುಮಾನ. ಆದರೂ 4 ಮತ್ತು 5 ಮುಗಿಸಿಯೇ 7ಕ್ಕೆ ಬನ್ನಿ.

180 ದಾಟಿ 220, 240 ಎಂದು ಏರುತ್ತಲೇ ಹೋಗುತ್ತಿದೆಯೇ? ಆಗ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಥರ್ಮೋಸ್ಟಾಟಿನ ಎರಡು ಸಂಪರ್ಕ ಬಿಂದುಗಳು ಕರಗಿ ಒಂದಕ್ಕೊಂದು ಬೆಸೆದಿರಬಹುದು. ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು, ಥರ್ಮೋಸ್ಟಾಟ್ ಬದಲಾಗುವವರೆಗೆ ಹಚ್ಚಬೇಡಿ. "ಇದೊಂದು ಟ್ರೇ ಆಗಿಬಿಡಲಿ" ಎನ್ನುವ ಆಸೆ ಬೇಡ.

ಅಂಕಿ ಎಲ್ಲ ಸರಿ ಇದ್ದು ಒಂದೇ ಬದಿ ಕರಿದಾಗುತ್ತಿದ್ದರೆ ಅದು ಕಾವಿನ ಏರುಪೇರಲ್ಲ, ಹಂಚಿಕೆಯ ತೊಂದರೆ. ಅರ್ಧ ಹೊತ್ತು ಕಳೆದ ಮೇಲೆ ಟ್ರೇ ತಿರುಗಿಸಿ ಇಡಿ. ಫ್ಯಾನ್ ಇರುವ ಓವನ್ ಆದರೆ ಫ್ಯಾನ್ ತಿರುಗುತ್ತಿದೆಯೇ ನೋಡಿ.

ಹಂತ 3: ಬಳಸುವ ರೀತಿ

ಇದನ್ನು ಓದದೆ ಮುಂದೆ ಜಿಗಿಯುವ ಆಸೆ ಎಲ್ಲರಿಗೂ. ಆದರೆ ಮೇಲೆ ಕರ್ರಗೆ, ಒಳಗೆ ಹಸಿ ಎನ್ನುವ ದೂರಿನ ಬಹುಪಾಲು ಇಲ್ಲೇ ತೀರುತ್ತದೆ.

ಲೈಟ್ ಮೊದಲ ಸಲ ಆರಿದಾಗ ಕಾಯ್ದಿರುವುದು ಗಾಳಿ. ತಗಡಿನ ಗೋಡೆ, ಜಾಲರಿ, ಗಾಜು ಇನ್ನೂ ತಣ್ಣಗೇ ಇರುತ್ತವೆ. ಆಗ ಬಾಗಿಲು ತೆರೆದು ಹಿಟ್ಟಿನ ತಟ್ಟೆ ಇಟ್ಟರೆ ಗಾಳಿಯ ಬಿಸಿ ಹಾರಿಹೋಗಿ ಕಾವು ದಿಢೀರನೆ ಕುಸಿಯುತ್ತದೆ. ಅದನ್ನು ಮತ್ತೆ ಏರಿಸಲು ರಾಡುಗಳು ಬಿಡದೆ ಉರಿಯುತ್ತವೆ. ಮೇಲಿನ ರಾಡು ಕೆಂಪಗೆ ನಿಂತು ಕೇಕಿನ ನೆತ್ತಿಯನ್ನು ಸುಡುತ್ತದೆ, ಒಳಗಿನ ಹಿಟ್ಟು ಬೇಯುವಷ್ಟು ಗಾಳಿ ಕಾಯ್ದಿರುವುದಿಲ್ಲ. ಅಂದರೆ ನೆತ್ತಿ ಕರಕಲಾಗಿದ್ದು ಓವನ್ ಹೆಚ್ಚು ಬಿಸಿಯಾಗಿ ಅಲ್ಲ, ಕಡಿಮೆ ಬಿಸಿಯಾಗಿ! ಇದನ್ನು ಹೇಳಿದರೆ ನಂಬುವವರು ಕಡಿಮೆ. ಕರಕಲಾಯಿತೆಂದು ನಾಬನ್ನು ಇನ್ನೂ ಇಳಿಸುತ್ತಾರೆ, ಒಳಗೆ ಇನ್ನಷ್ಟು ಹಸಿ ಉಳಿಯುತ್ತದೆ.

ಮದ್ದು ಸುಲಭ. ಲೈಟ್ ಮೂರು ಸಲ ಆರಿ ಹತ್ತುವವರೆಗೆ, ಅಂದಾಜು 20 ನಿಮಿಷ, ಖಾಲಿ ಕಾಯಿಸಿ. ಕೇಕಾದರೆ ತಟ್ಟೆಯನ್ನು ಒಂದು ಮೆಟ್ಟಿಲು ಕೆಳಗಿಡಿ, ಮೊದಲ ಮುಕ್ಕಾಲು ಹೊತ್ತು ಕೆಳಗಿನ ರಾಡು ಮಾತ್ರ ಇರಲಿ, ಬಣ್ಣಕ್ಕೆ ಬೇಕಾದರೆ ಕೊನೆಗೆ ಮೇಲಿನದನ್ನೂ ಹಚ್ಚಿ.

ಇನ್ನೊಂದು ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ರೊಟ್ಟಿಯ ಹಳೆಯ ಕಬ್ಬಿಣದ ತವಾ, ಹಿಡಿಕೆ ಇಲ್ಲದ್ದು, ಎಲ್ಲಕ್ಕಿಂತ ಕೆಳಗಿನ ಜಾಲರಿಯ ಮೇಲೆ ಇಟ್ಟು ಓವನ್ ಕಾಯಿಸಿ. ಕಬ್ಬಿಣ ಬಿಸಿಯನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುವುದರಿಂದ ಓಲಾಟ ಕಡಿಮೆಯಾಗುತ್ತದೆ, ಬಾಗಿಲು ತೆರೆದರೂ ಕಾವು ಬೇಗ ಮರಳುತ್ತದೆ. ತವಾದ ಸುತ್ತ ಗಾಳಿ ಆಡಲು ಎರಡು ಬೆರಳಿನಷ್ಟು ಜಾಗ ಇರಲಿ, ರಾಡಿಗೆ ತಾಗದಿರಲಿ. ಕಾಯುವ ಹೊತ್ತು ಹೆಚ್ಚಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಪಿಜ್ಜಾ ಕಲ್ಲಿನ ಬದಲು ನೆಲಹಾಸಿನ ಶಹಾಬಾದ್ ಕಲ್ಲಿನ ತುಂಡು ಇಡಬಹುದೇ ಎಂದು ಕೇಳುವವರಿಗೆ: ಬೇಡ. ಒಳಗೆ ತೇವ ಹಿಡಿದ ಕಲ್ಲು ಕಾಯ್ದಾಗ ಪದರು ಪದರಾಗಿ ಸಿಡಿಯಬಹುದು.

ಕೆಳಗಿನ ತಗಡು ಕೊಳೆಯಾಗದಿರಲಿ ಎಂದು ಪೂರ್ತಿ ಅಲ್ಯೂಮಿನಿಯಂ ಫಾಯಿಲ್ ಹಾಸುವುದು, ಜಾಲರಿ ಪೂರ್ತಿ ಮುಚ್ಚುವ ದೊಡ್ಡ ಟ್ರೇ ಇಡುವುದು ಎರಡೂ ಗಾಳಿಯ ದಾರಿ ಕಟ್ಟುತ್ತವೆ. ಕೆಳಗೆ ಒಂದು ಕಾವು, ಮೇಲೆ ಇನ್ನೊಂದು ಆಗುತ್ತದೆ.

ಮೊದಲ ಟ್ರೇ ನಾನ್‌ಖಟಾಯಿ ಚೆನ್ನಾಗಿ ಬಂದು ಮೂರನೆಯದು ಬಿಳಿಚಿಕೊಂಡು ಬಂದರೆ ಅದಕ್ಕೂ ಕಾರಣವಿದೆ. ಸಣ್ಣ ಓಟಿಜಿಗಳಲ್ಲಿ ಬಹುಪಾಲು ಥರ್ಮೋಸ್ಟಾಟ್ ಇರುವುದು ಬಲಗಡೆಯ ನಾಬುಗಳ ಹಿಂದಿನ ಸಂದಿಯಲ್ಲಿ, ಬೇಯಿಸುವ ಗೂಡಿನೊಳಗೆ ಅಲ್ಲ. ಗಂಟೆಗಟ್ಟಲೆ ಓಡಿದಾಗ ಆ ಸಂದಿಯೇ ಕಾದು, ಒಳಗೆ ಇನ್ನೂ ಸಾಕಷ್ಟು ಬಿಸಿ ಇಲ್ಲದಿದ್ದರೂ "ಸಾಕು" ಎಂದು ಅದು ರಾಡು ಆರಿಸುತ್ತದೆ. ಓವನ್ನನ್ನು ಗೋಡೆಗೆ ಒತ್ತಿ ಅಥವಾ ಕಪಾಟಿನ ಗೂಡಿನಲ್ಲಿ ಇಟ್ಟಿದ್ದರೆ ಇದು ಇನ್ನೂ ಹೆಚ್ಚು. ಸುತ್ತಲೂ ಅರ್ಧ ಗೇಣಾದರೂ ಜಾಗ ಬಿಡಿ, ಬದಿಯ ಗಾಳಿ ಕಿಂಡಿಗಳಿಗೆ ಬಟ್ಟೆ, ಡಬ್ಬಿ ಅಡ್ಡ ಇಡಬೇಡಿ. ಮೂರನೇ ಟ್ರೇ ಹೊತ್ತಿಗೆ ನಾಬನ್ನು 10 ಡಿಗ್ರಿ ಏರಿಸಿಕೊಂಡರೂ ತಪ್ಪಿಲ್ಲ.

ಹಂತ 4: ಬಾಗಿಲು

ರಾತ್ರಿ ಅಡುಗೆಮನೆಯ ಲೈಟ್ ಆರಿಸಿ, ಆರಿದ ಓವನ್ನಿನೊಳಗೆ ಮೊಬೈಲ್ ಟಾರ್ಚು ಹಚ್ಚಿಟ್ಟು ಬಾಗಿಲು ಮುಚ್ಚಿ. ಅಂಚಿನ ಸುತ್ತ ಎಲ್ಲಿ ಬೆಳಕು ಹೆಚ್ಚು ಹೊರಬರುತ್ತದೋ ಅಲ್ಲಿಂದಲೇ ಕಾವೂ ಹೋಗುತ್ತದೆ. ಓಟಿಜಿಯಲ್ಲಿ ರಬ್ಬರ್ ಬೀಡಿಂಗ್ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಸಣ್ಣ ಗೆರೆಯಂಥ ಬೆಳಕು ಸಹಜ. ಒಂದು ಮೂಲೆಯಲ್ಲಿ ಮಾತ್ರ ಅಗಲವಾಗಿ ಕಂಡರೆ ಆ ಬದಿಯ ಸ್ಪ್ರಿಂಗು ಸಡಿಲಾಗಿದೆ ಅಥವಾ ಹಿಂಜು ಬಾಗಿದೆ. ತೆರೆದ ಬಾಗಿಲ ಮೇಲೆ ಭಾರದ ಟ್ರೇ ಇಡುವ ಅಭ್ಯಾಸದಿಂದಲೇ ಬಹಳ ಸಲ ಹೀಗಾಗುತ್ತದೆ. ಬೀಡಿಂಗ್ ಇರುವ ದೊಡ್ಡ ಓವನ್ ಆದರೆ ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದ ಜಾಗದಲ್ಲಿ ಬೀಡಿಂಗ್ ಗಟ್ಟಿಯಾಗಿ ಸತ್ತಿದೆ.

ಹಂತ 5: ವೋಲ್ಟೇಜು

ಬಳಸುವ ರೀತಿಯ ತಪ್ಪು ಬಿಟ್ಟರೆ ನಮ್ಮ ಭಾಗದಲ್ಲಿ ನಾನು ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ರಾಡಿನ ಕಾವು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ ವೋಲ್ಟೇಜ್ ಸ್ವಲ್ಪ ಇಳಿದರೆ ಕಾವು ಬಹಳ ಇಳಿಯುತ್ತದೆ. 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಓವನ್ 200 ವೋಲ್ಟಿನಲ್ಲಿ ಸುಮಾರು 1510 ವ್ಯಾಟ್ ಕೊಡುತ್ತದೆ, 180ರಲ್ಲಿ 1225 ಮಾತ್ರ. ಆ ಕಾವಿನಲ್ಲೂ ಓವನ್ ಕೊನೆಗೊಮ್ಮೆ 180 ಡಿಗ್ರಿ ಮುಟ್ಟಬಹುದು. ಆದರೆ ಬಾಗಿಲು ತೆರೆದಾಗ ಹೋದ ಬಿಸಿಯನ್ನು ಮರಳಿ ತರಲು ಅದಕ್ಕೆ ಶಕ್ತಿ ಇರುವುದಿಲ್ಲ. ಮಧ್ಯಾಹ್ನ ಮಾಡಿದ ಕೇಕು ಚೆನ್ನಾಗಿ ಬಂದು ಸಂಜೆ 7ಕ್ಕೆ ಮಾಡಿದ್ದು ಕೂತುಬಿಟ್ಟರೆ ಹಿಟ್ಟನ್ನು ಬೈಯುವ ಮೊದಲು ಮೀಟರ್ ಹಿಡಿಯಿರಿ. ಹಳ್ಳಿಗಳಲ್ಲಾದರೆ ಪಂಪ್‌ಸೆಟ್ ಓಡುವ ಹೊತ್ತನ್ನೂ ಗಮನಿಸಿ.

ಸಾಕೆಟ್ಟಿನಲ್ಲಿ ವೋಲ್ಟ್ ಅಳೆದು ಅಭ್ಯಾಸವಿಲ್ಲದಿದ್ದರೆ ಇದನ್ನು ವೈರ್‌ಮನ್ ಕೈಯಲ್ಲೇ ಮಾಡಿಸಿ. ಓವನ್ ಇರುವ ಸ್ವಿಚ್‌ಬೋರ್ಡಿನಲ್ಲಿ ಎರಡು ಸಲ ಅಳೆಯಬೇಕು: ಓವನ್ ಆರಿದ್ದಾಗ ಒಮ್ಮೆ, ರಾಡು ಉರಿಯುವಾಗ ಒಮ್ಮೆ.

ಆರಿದ್ದಾಗಲೇ 200ಕ್ಕಿಂತ ಕೆಳಗಿದ್ದರೆ ಬರುವ ಲೈನೇ ಸೊರಗಿದೆ. ಅಕ್ಕಪಕ್ಕದ ಮನೆಯಲ್ಲೂ ಹಾಗೇ ಇದೆಯೇ ಕೇಳಿ. ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ ಕೈಯಲ್ಲಿಟ್ಟುಕೊಂಡು 1912ಕ್ಕೆ ದೂರು ಕೊಡಿ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಹೆಸ್ಕಾಂ ವ್ಯಾಪ್ತಿಯವೇ. ಯಾವ ಹೊತ್ತಿಗೆ ಎಷ್ಟು ವೋಲ್ಟ್ ಇತ್ತು ಎಂದು ಮೂರು ದಿನ ಬರೆದಿಟ್ಟು ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಆರಿದ್ದಾಗ 228 ಇದ್ದು ಹಚ್ಚಿದ ಕೂಡಲೇ 212ಕ್ಕೆ ಬಿದ್ದರೆ ಬಹಳ ಸಲ ದೋಷ ನಿಮ್ಮ ಮನೆಯೊಳಗೇ ಇರುತ್ತದೆ. 2000 ವ್ಯಾಟಿನ ಓವನ್ ಎಳೆಯುವ ಕರೆಂಟು 8.7 ಆಂಪಿಯರ್. ದಾರಿಯಲ್ಲಿ 10 ವೋಲ್ಟ್ ಕಳೆದುಹೋಯಿತೆಂದರೆ ಗೋಡೆಯೊಳಗಿನ ವೈರಿನಲ್ಲೋ ಸಡಿಲ ಸಾಕೆಟ್ಟಿನಲ್ಲೋ ಸುಮಾರು 87 ವ್ಯಾಟ್ ಬಿಸಿ ಸುಮ್ಮನೆ ಹುಟ್ಟುತ್ತಿದೆ. ಕೇಕಿನ ಚಿಂತೆ ಬಿಡಿ, ಬೆಂಕಿಯ ಚಿಂತೆ ಮಾಡಬೇಕಾದ ಜಾಗ ಇದು. ಅರ್ಧ ಗಂಟೆ ಓಡಿಸಿ, ಸ್ವಿಚ್ಚು ಆರಿಸಿ, ಪ್ಲಗ್ ಹೊರಗೆಳೆದು ಅದರ ಪಿನ್ನುಗಳ ಬಳಿಯ ಪ್ಲಾಸ್ಟಿಕ್ ನೋಡಿ. ಕಂದಾಗಿದ್ದರೆ, ಸುಟ್ಟ ವಾಸನೆ ಇದ್ದರೆ ಸಾಕೆಟ್ ಬದಲಿಸಬೇಕು.

ಓವನ್ನಿಗೆ ಬೇಕಾದದ್ದು 16 ಆಂಪಿಯರಿನ ದಪ್ಪ ಮೂರು ಪಿನ್ನಿನ ಸಾಕೆಟ್, ಅದಕ್ಕೆ ಮೇನ್‌ಬೋರ್ಡಿನಿಂದ ಬೇರೆಯದೇ ಲೈನು. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬಾಕ್ಸು, ದಪ್ಪ ಪಿನ್ನನ್ನು ಸಣ್ಣ ತೂತಿಗೆ ಹೊಂದಿಸುವ ಕನ್ವರ್ಷನ್ ಪ್ಲಗ್ಗು ಎರಡನ್ನೂ ಇವತ್ತೇ ತೆಗೆಯಿರಿ. ಮನೆಯ ಇನ್ವರ್ಟರ್ ಮೇಲೂ ಓಡಿಸಬೇಡಿ. ಸ್ಟೆಬಿಲೈಜರ್ ಬಗ್ಗೆ ಕೇಳುತ್ತೀರಿ: 2000 ವ್ಯಾಟಿನ ಓವನ್ನಿಗೆ 3 ಕೆವಿಎದ್ದಾದರೂ ಬೇಕು, ಫ್ರಿಜ್ಜಿನದು ನಡೆಯುವುದಿಲ್ಲ. ದಿನಾ ಆರ್ಡರ್ ಇದ್ದು ಲೈನ್ ನಿಜವಾಗಿಯೂ ದುರ್ಬಲವಾಗಿದ್ದರೆ ಮಾತ್ರ ತಗೊಳ್ಳಿ. ವಾರಕ್ಕೊಂದು ಕೇಕಿಗೆ ಅದು ದುಬಾರಿ.

ಹಂತ 6: ರಾಡುಗಳು

ಬಾಗಿಲ ಗಾಜಿನಿಂದ ನೋಡಿ. ಮೇಲಿನ ರಾಡುಗಳನ್ನು ಮಾತ್ರ ಹಚ್ಚಿ ಐದು ನಿಮಿಷ, ಆಮೇಲೆ ಕೆಳಗಿನವನ್ನು ಮಾತ್ರ. ಎಲ್ಲವೂ ಕಾಯಬೇಕು. ಒಂದೇ ಗುರುತಿನ ಎರಡು ರಾಡುಗಳಲ್ಲಿ ಒಂದು ಕಾಯ್ದು ಒಂದು ತಣ್ಣಗಿದ್ದರೆ ಅಥವಾ ಒಂದೇ ರಾಡಿನಲ್ಲಿ ಒಂದು ಚುಕ್ಕಿ ಮಾತ್ರ ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದರೆ ಆ ರಾಡಿನ ಆಯಸ್ಸು ಮುಗಿದಿದೆ. ಕೆಲವು ಓಟಿಜಿಗಳಲ್ಲಿ ಎರಡು ರಾಡುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿರುತ್ತಾರೆ. ಅಲ್ಲಿ ಒಂದು ತುಂಡಾದರೆ ಎರಡೂ ತಣ್ಣಗಾಗುತ್ತವೆ, ಎರಡನ್ನೂ ಬದಲಿಸಬೇಕಿಲ್ಲ.

ಧಾರವಾಡದ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಬರುತ್ತದೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಓವನ್ನನ್ನು ಹಚ್ಚಿದ ಕೂಡಲೇ ಮನೆಯ ಆರ್‌ಸಿಸಿಬಿ ಬೀಳುತ್ತದೆ. ಆರ್‌ಸಿಸಿಬಿ ಎಂದರೆ ಕರೆಂಟು ಮೈಗೋ ಅರ್ಥಿಂಗಿಗೋ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು. ರಾಡಿನೊಳಗೆ ತಂತಿಯ ಸುತ್ತ ತುಂಬಿರುವ ಬಿಳಿ ಪುಡಿ, ಮೆಗ್ನೀಷಿಯಂ ಆಕ್ಸೈಡ್, ಗಾಳಿಯ ತೇವ ಹೀರಿಕೊಂಡು ಹೀಗಾಗುತ್ತದೆ. ಆರ್‌ಸಿಸಿಬಿಯನ್ನು ತಪ್ಪಿಸಿ ಲೈನ್ ಕೊಡಿ ಎಂದು ವೈರ್‌ಮನ್‌ಗೆ ಎಂದೂ ಹೇಳಬೇಡಿ. ಓವನ್ನನ್ನು ಎರಡು ದಿನ ಬಿಸಿಲಲ್ಲಿಟ್ಟು ಮತ್ತೆ ನೋಡಿ, ಆಗಲೂ ಬಿದ್ದರೆ ರಾಡು ಬದಲಿಸುವುದೇ ದಾರಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಖಾಲಿ ಓಡಿಸುವ ಅಭ್ಯಾಸವಿದ್ದರೆ ಈ ಗೊಡವೆ ಅಪರೂಪ.

ಹಂತ 7: ಹಿಂಬದಿ ಬಿಚ್ಚಿ ನೋಡುವುದು

ವಾರಂಟಿ ಇದ್ದರೆ ಇಲ್ಲೇ ನಿಲ್ಲಿ, ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಇಲ್ಲದಿದ್ದರೆ, ಮೀಟರ್ ಹಿಡಿದು ಗೊತ್ತಿದ್ದರೆ ಮಾತ್ರ ಮುಂದುವರಿಯಿರಿ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ಒಂದು ಗಂಟೆ ಆರಲು ಬಿಡಿ. ಬಿಚ್ಚಿದ ಕೂಡಲೇ ಮೊದಲ ಕೆಲಸ ಫೋಟೋ ತೆಗೆಯುವುದು. ಯಾವ ಬಣ್ಣದ ವೈರ್ ಎಲ್ಲಿತ್ತು ಎಂದು ಆಮೇಲೆ ನೆನಪಿರುವುದಿಲ್ಲ. ತಗಡಿನ ಅಂಚು ಬ್ಲೇಡಿನಂತಿರುತ್ತದೆ, ಕೈ ಜೋಪಾನ.

ವೈರಿನ ತುದಿಯ ಹಿತ್ತಾಳೆ ಕ್ಲಿಪ್ಪುಗಳನ್ನು ನೋಡಿ. ಲಗ್ ಎನ್ನುತ್ತಾರೆ, ನಮ್ಮ ಮೆಕ್ಯಾನಿಕ್‌ಗಳಲ್ಲಿ ಥಿಂಬಲ್ ಎನ್ನುವವರೂ ಇದ್ದಾರೆ. ನೀಲಿ, ಕಪ್ಪು ಬಣ್ಣಕ್ಕೆ ತಿರುಗಿದ, ಅಲ್ಲಾಡುವ ಲಗ್ ಸಿಕ್ಕಿದರೆ ಬಹುಶಃ ಕಳ್ಳ ಸಿಕ್ಕಿದ ಹಾಗೆ. ಕಾಯ್ದಾಗ ಸಡಿಲಾಗಿ ಆರಿದಾಗ ಕೂಡುವ ಇಂಥ ಜೋಡಣೆಯೇ ತಾಳಮೇಳವಿಲ್ಲದ ಓಲಾಟಕ್ಕೆ ಕಾರಣವಾಗುತ್ತದೆ. ಹೊಸ ಲಗ್ ಹಾಕಿ ಇಕ್ಕಳದಿಂದ ಗಟ್ಟಿಯಾಗಿ ಒತ್ತಬೇಕು. ಇಲ್ಲಿ ಎರಡು ತಪ್ಪು ಪದೇ ಪದೇ ನೋಡುತ್ತೇನೆ. ಒಂದು, ಬೆಸುಗೆ ಹಾಕುವುದು. ಸಾಮಾನ್ಯ ತವರ–ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ, ಓವನ್ನಿನ ರಾಡಿನ ತುದಿಗೆ ಅದು ಎಲ್ಲಿ ನಿಂತೀತು? ಎರಡು, ಮನೆ ವೈರಿಂಗಿನ ಪಿವಿಸಿ ವೈರಿನ ತುಂಡು ಸೇರಿಸುವುದು. ಸಾಮಾನ್ಯ ಪಿವಿಸಿ ತಡೆಯುವುದು 70 ಡಿಗ್ರಿ. ಗಾಜಿನೆಳೆ ಅಥವಾ ಸಿಲಿಕೋನ್ ಹೊದಿಕೆಯ ವೈರನ್ನೇ ಕೇಳಿ ತರಬೇಕು.

ಈಗ ಥರ್ಮೋಸ್ಟಾಟ್. ಅದರ ಎರಡು ತುದಿಗಳಿಂದ ವೈರ್ ಕಳಚಿ, ಮೀಟರನ್ನು ಓಮ್‌ಗೆ ಇಟ್ಟು ಹಿಡಿಯಿರಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ನೋಡಿ ಕಳೆಯಿರಿ, ಸಾಮಾನ್ಯವಾಗಿ 0.2, 0.3 ಇರುತ್ತದೆ. ಓವನ್ ತಣ್ಣಗಿದ್ದು ನಾಬ್ 180ರಲ್ಲಿದ್ದಾಗ ಥರ್ಮೋಸ್ಟಾಟ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಒಂದು ಓಮ್ ಬಂದರೂ ಕೆಟ್ಟದ್ದೇ. ಸಣ್ಣ ಅಂಕಿ ಎನಿಸಬಹುದು, ಆದರೆ 8.7 ಆಂಪಿಯರ್ ಹರಿಯುವಾಗ ಆ ಒಂದು ಓಮ್ ಅಕ್ಕಿಕಾಳಿನಷ್ಟು ಬಿಂದುವಿನಲ್ಲಿ 75 ವ್ಯಾಟ್ ಬಿಸಿ ಹುಟ್ಟಿಸುತ್ತದೆ. ನಾಬನ್ನು ಪೂರ್ತಿ ಕೆಳಗೆ ತಿರುಗಿಸಿದಾಗ ಟಕ್ ಎಂದು ಬಿಡಬೇಕು. ಬಿಡದಿದ್ದರೆ ಬೆಸೆದುಕೊಂಡಿದೆ. ಬಿಂದುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಕೊಡುವವರಿದ್ದಾರೆ. ಮೇಲಿನ ಬೆಳ್ಳಿಯ ಲೇಪ ಹೋಗಿ ಸ್ವಲ್ಪ ದಿನದಲ್ಲೇ ಮತ್ತೆ ಸುಡುತ್ತದೆ, ಅದಕ್ಕೆ ದುಡ್ಡು ಕೊಡಬೇಡಿ.

ಕ್ಯಾಪಿಲರಿ ಇದ್ದರೆ ಬಲ್ಬು ತನ್ನ ಹಿಡಿಕೆಯಲ್ಲಿ ಕೂತಿದೆಯೇ, ಗೋಡೆಗೋ ರಾಡಿಗೋ ಒರಗಿದೆಯೇ ನೋಡಿ. ಜಾರಿಬಿದ್ದ ಬಲ್ಬನ್ನು ಜಾಗಕ್ಕೆ ಸಿಕ್ಕಿಸಿದ್ದಷ್ಟಕ್ಕೇ ಸರಿಹೋದ ಓವನ್ನುಗಳುಂಟು. ಕೊಳವೆಯನ್ನು ಚೂಪಾಗಿ ಮಡಚಬೇಡಿ, ಮುರಿದರೆ ಥರ್ಮೋಸ್ಟಾಟ್ ಪೂರ್ತಿ ಹೋದ ಹಾಗೆ.

ಕೊನೆಗೆ ಪ್ರತಿ ರಾಡಿನ ತುದಿಯಿಂದ ಓವನ್ನಿನ ತಗಡಿಗೆ ಓಮ್ ಹಿಡಿದು ನೋಡಿ. ಮೀಟರು ಏನನ್ನೂ ತೋರಿಸಬಾರದು. ಅಂಕಿ ಬಂದರೆ ಕರೆಂಟು ತಗಡಿಗೆ ಸೋರುತ್ತಿದೆ. ಆ ಓವನ್ ಮುಟ್ಟುವುದೂ ಬೇಡ.

ಹಂತ 8: ನಾಬಿನ ಗೆರೆ ಸರಿಪಡಿಸುವುದು

ನಡುವಿನ ಕಾವು ಮಾತ್ರ ತಪ್ಪಿದ್ದರೆ ನನ್ನ ಸಲಹೆ ಇಷ್ಟೇ: ಸ್ಕ್ರೂಡ್ರೈವರ್ ಮುಟ್ಟಬೇಡಿ, ಚೀಟಿ ಅಂಟಿಸಿ. 150, 180, 200 ಈ ಮೂರು ಗುರುತಿನಲ್ಲಿ ಮೊದಲ ಹಂತದ ಅಳತೆ ಮಾಡಿ, "180 ಬೇಕಾದರೆ ನಾಬ್ 195" ಎಂಬಂತೆ ಬರೆದು ಓವನ್ನಿನ ಪಕ್ಕದ ಗೋಡೆಗೆ ಅಂಟಿಸಿ. ಓವನ್ನಿಗೇ ಅಂಟಿಸಿದರೆ ಕಾವಿಗೆ ಉದುರುತ್ತದೆ. ಮೂರೂ ಗುರುತಿನಲ್ಲಿ ತಪ್ಪು ಒಂದೇ ಸಮ ಇರುವುದಿಲ್ಲ, ಅದಕ್ಕೇ ಸ್ಕ್ರೂ ತಿರುಗಿಸಿ 180 ಸರಿ ಮಾಡಿದವರಿಗೆ 150 ಕೈಕೊಡುತ್ತದೆ.

ತಿರುಗಿಸಲೇಬೇಕು ಎನ್ನುವವರಿಗೆ: ಪ್ಲಗ್ ಕಿತ್ತು, ನಾಬ್ ಎಳೆದು ತೆಗೆದರೆ ಕೆಲವು ಥರ್ಮೋಸ್ಟಾಟ್‌ಗಳ ದಂಡದ ನಡುವೆ ಸಣ್ಣ ಸ್ಕ್ರೂ ಕಾಣುತ್ತದೆ. ಮೊದಲಿದ್ದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಒಂದು ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ, ನಾಬ್ ಹಾಕಿ ಮತ್ತೆ ಅಳೆಯಿರಿ. ಯಾವ ಕಡೆ ತಿರುಗಿಸಿದರೆ ಏರುತ್ತದೆ ಎನ್ನುವುದು ಒಂದೊಂದು ಮಾದರಿಯಲ್ಲಿ ಒಂದೊಂದು ಥರ.

ಹಂತ 9: ಥರ್ಮೋಸ್ಟಾಟ್ ಬದಲಿಸುವುದು

ಇಷ್ಟೆಲ್ಲ ದಾಟಿ ಬಂದ ಮೇಲೂ ದೋಷ ಥರ್ಮೋಸ್ಟಾಟಿನದೇ ಎಂದಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಓವನ್ ಹೆಸರು ಹೇಳಿ ಕೇಳಿದರೆ "ಎಲ್ಲಾದಕ್ಕೂ ಕೂಡತೈತ್ರಿ" ಎಂದು ಯಾವುದೋ ಒಂದನ್ನು ಕೊಟ್ಟು ಕಳಿಸುತ್ತಾರೆ. ನಾಲ್ಕು ಹೊಂದಬೇಕು: ಅದರ ಮೇಲೆ ಅಚ್ಚಾದ ಗರಿಷ್ಠ ಡಿಗ್ರಿ, ಆಂಪಿಯರ್ ಮತ್ತು ವೋಲ್ಟ್, ನಾಬ್ ಕೂರುವ ದಂಡದ ಆಕಾರ, ಕ್ಯಾಪಿಲರಿ ಆದರೆ ಕೊಳವೆಯ ಉದ್ದ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ನೋಡಲು ಒಂದೇ ಥರ ಇರುತ್ತದೆ, ಅದನ್ನು ಹಾಕಿಸಿಕೊಳ್ಳಬೇಡಿ.

ಮೆಕ್ಯಾನಿಕ್ ಕೈಯಲ್ಲಿ ಹಾಕಿಸಿದರೆ ದುಡ್ಡು ಕೊಡುವ ಮೊದಲು ಅಲ್ಲೇ ಹಚ್ಚಿಸಿ, ನಿಮ್ಮ ಥರ್ಮಾಮೀಟರ್ ಒಳಗಿಟ್ಟು, 20 ನಿಮಿಷ ಬಿಟ್ಟು 5 ಸುತ್ತು ಬರೆದುಕೊಳ್ಳಿ. ಹಳೆಯ ಹಾಳೆಯ ಪಕ್ಕದಲ್ಲೇ ಬರೆಯಿರಿ. ಓಲಾಟ ಮೊದಲಿನಷ್ಟೇ ಇದ್ದರೆ ಹೊಸ ಥರ್ಮೋಸ್ಟಾಟ್ ವಾಪಸ್ ಕೊಟ್ಟು 5ನೇ ಹಂತದಿಂದ ಮತ್ತೆ ಶುರು ಮಾಡಿ.